ಕರ್ನಲ್ ಬಿಲ್ಡ್ ಮಾಡೋಕೆ ಯಾವ ಕಾನ್ಫಿಗ್‌ನಿಂದ ಶುರು ಮಾಡೋದು? ಪದೇ ಪದೇ ಕೇಳೋ ಪ್ರಶ್ನೆಗಳು

ಲಿನಕ್ಸ್ ಕರ್ನಲ್ (ಹಾರ್ಡ್‌ವೇರ್ ನಡೆಸೋ ಲಿನಕ್ಸ್‌ನ ತಿರುಳು) ಸೋರ್ಸ್ ಇಳಿಸ್ಕೊಂಡು, ಟಾರ್ ಬಿಚ್ಚಿ, ಮೇಕ್ ಮೆನುಕಾನ್ಫಿಗ್ ಅಂತ ಒತ್ತಿ, ಆಪ್ಷನ್ ಆರಿಸೋ ಆ ನೀಲಿ ಸ್ಕ್ರೀನ್ ನೋಡಿ ಅಲ್ಲೇ ಕೈಬಿಟ್ಟೋರು ತುಂಬಾ ಜನ ಇದಾರೆ, ನಾನೂ ಒಂದ್ಸಲ ಬಿಟ್ಟಿದ್ದೆ. ಸಾವಿರಾರು ಆಪ್ಷನ್ನು, ಒಂದೊಂದಕ್ಕೂ ಬೇಕು ಬೇಡ ಅಂತ ಹೇಳ್ತಾ ಕೂತ್ರೆ ಮುಂದಿನ ದೀಪಾವಳಿ ಬಂದಿರುತ್ತೆ. ಯಾರೂ ಹಾಗೆ ಮಾಡಲ್ಲ, ಎಲ್ರೂ ಯಾವುದೋ ಒಂದು ರೆಡಿ ಕಾನ್ಫಿಗ್, ಅಂದ್ರೆ ಈ ಉತ್ತರಗಳೆಲ್ಲ ಬರೆದಿಟ್ಟ ಫೈಲ್, ಹಿಡ್ಕೊಂಡೇ ಶುರು ಮಾಡೋದು. ಯಾವುದನ್ನ ಹಿಡ್ಕೋಬೇಕು ಅನ್ನೋದೇ ಎಲ್ರೂ ಕೇಳೋ ಪ್ರಶ್ನೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರ್ದಿದೀನಿ. ಕಮಾಂಡುಗಳನ್ನ ಬಾಯಲ್ಲಿ ಹೇಳೋ ಹಾಗೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷಲ್ಲೇ ಹೊಡೀರಿ.

ಮೊದಲ ಸಲ ಮಾಡ್ತಿದೀನಿ, ಒಂದೇ ಮಾತಲ್ಲಿ ಹೇಳಿ, ಯಾವುದರಿಂದ ಶುರು ಮಾಡ್ಲಿ?

ನಿಮ್ಮ ಮೆಷಿನ್‌ನಲ್ಲಿ ಈಗ ಓಡ್ತಾ ಇರೋ ಕರ್ನಲ್‌ದೇ ಕಾನ್ಫಿಗ್‌ನಿಂದ. ಉಬುಂಟು, ಡೆಬಿಯನ್, ಫೆಡೋರಾ ಇವೆಲ್ಲ ತಮ್ಮ ಕರ್ನಲ್ ಕಾನ್ಫಿಗ್‌ನ ಬೂಟ್ ಫೋಲ್ಡರ್‌ನಲ್ಲೇ ಇಟ್ಟಿರ್ತಾವೆ, ಫೈಲ್ ಹೆಸರು ಕಾನ್ಫಿಗ್ ಹೈಫನ್ ಅಂತ ಶುರುವಾಗಿ ಕರ್ನಲ್ ವರ್ಷನ್‌ನಲ್ಲಿ ಮುಗಿಯುತ್ತೆ. ಯಾವ ವರ್ಷನ್ ಅಂತ ಯುನೇಮ್ ಹೈಫನ್ ಆರ್ ಹೊಡೆದ್ರೆ ಗೊತ್ತಾಗುತ್ತೆ. ಆ ಫೈಲನ್ನ ಸೋರ್ಸ್ ಫೋಲ್ಡರ್‌ಗೆ ಡಾಟ್ ಕಾನ್ಫಿಗ್ ಅನ್ನೋ ಹೆಸರಲ್ಲಿ ಕಾಪಿ ಮಾಡಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಹೊಡೀರಿ. ಮುಗೀತು. ಆ ಕಾನ್ಫಿಗ್‌ನಿಂದ ನಿಮ್ಮ ಮೆಷಿನ್ ಬೂಟ್ ಆಗಿದೆ, ವೈಫೈ ಬಂದಿದೆ, ಸೌಂಡ್ ಬಂದಿದೆ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಬೇಕಾ?

ಬೂಟ್ ಫೋಲ್ಡರ್‌ನಲ್ಲಿ ಇಲ್ಲ ಅಂದ್ರೆ ಪ್ರೋಕ್ ಫೋಲ್ಡರ್ ಒಳಗೆ ಕಾನ್ಫಿಗ್ ಡಾಟ್ ಜಿಜ಼ೆಡ್ ಇದ್ಯಾ ನೋಡಿ, ಆರ್ಚ್ ಲಿನಕ್ಸ್‌ನಲ್ಲಿ ಇರುತ್ತೆ, ಜ಼ೆಡ್‌ಕ್ಯಾಟ್‌ನಿಂದ ತೆಗೀಬಹುದು. ಆ ಫೈಲ್ ಕಾಣೋಕೆ ಕರ್ನಲ್ ಬಿಲ್ಡ್ ಮಾಡಿದೋರು ಐಕೆಕಾನ್ಫಿಗ್, ಐಕೆಕಾನ್ಫಿಗ್_ಪ್ರೋಕ್ ಎರಡೂ ಆಪ್ಷನ್ ಆನ್ ಮಾಡಿರಬೇಕು, ಮಾಡಿಲ್ಲ ಅಂದ್ರೆ ಅದೂ ಇರಲ್ಲ. ನಿಮ್ಮ ಸ್ವಂತ ಬಿಲ್ಡ್‌ನಲ್ಲಂತೂ ಇದನ್ನ ಆನ್ ಮಾಡಿ ಇಟ್ಕೊಳ್ಳಿ, ಆರು ತಿಂಗಳಾದ್ಮೇಲೆ ಡಾಟ್ ಕಾನ್ಫಿಗ್ ಎಲ್ಲಿ ಇಟ್ಟೆ ಅಂತ ಹುಡುಕುವಾಗ ನನ್ನ ನೆನೆಸ್ಕೊಳ್ತೀರಿ.

ಓಲ್ಡ್‌ಕಾನ್ಫಿಗ್‌ಗೂ ಓಲ್ಡ್‌ಡೆಫ್‌ಕಾನ್ಫಿಗ್‌ಗೂ ಏನು ವ್ಯತ್ಯಾಸ?

ಓಲ್ಡ್‌ಕಾನ್ಫಿಗ್ ಕೇಳುತ್ತೆ, ಓಲ್ಡ್‌ಡೆಫ್‌ಕಾನ್ಫಿಗ್ ಕೇಳಲ್ಲ, ಅಷ್ಟೇ. ನಿಮ್ಮ ಕಾನ್ಫಿಗ್ 6.8ರದ್ದು, ಸೋರ್ಸ್ 6.12 ಅಂತಿಟ್ಕೊಳ್ಳಿ, ಮಧ್ಯ ಸೇರಿದ ಹೊಸ ಆಪ್ಷನ್‌ಗಳ ಬಗ್ಗೆ ಹಳೇ ಫೈಲ್‌ಗೆ ಏನೂ ಗೊತ್ತಿರಲ್ಲ. ಓಲ್ಡ್‌ಕಾನ್ಫಿಗ್ ಒಂದೊಂದನ್ನೂ ಎದುರಿಗಿಟ್ಟು ಉತ್ತರ ಕೊಡು ಅನ್ನುತ್ತೆ. ಓಲ್ಡ್‌ಡೆಫ್‌ಕಾನ್ಫಿಗ್ ಅವಕ್ಕೆಲ್ಲ ಡೀಫಾಲ್ಟ್ ಹಾಕಿ ಸುಮ್ನಾಗುತ್ತೆ. ಹಳೇ ಬ್ಲಾಗ್‌ಗಳಲ್ಲಿ ಎಂಟರ್ ಕೀ ಒತ್ತಿ ಹಿಡ್ಕೊಳ್ಳಿ ಅಂತಲೋ, ಯೆಸ್ ಕಮಾಂಡ್‌ಗೆ ಖಾಲಿ ಕೋಟ್ಸ್ ಕೊಟ್ಟು ಪೈಪ್ ಮಾಡಿ ಅಂತಲೋ ಬರ್ದಿರ್ತಾರೆ, ಎರಡೂ ಅದೇ ಕೆಲಸ.

ಹೊಸದೇನು ಬಂದಿದೆ ಅಂತ ಮೊದಲೇ ನೋಡ್ಬೇಕು ಅಂದ್ರೆ ಮೇಕ್ ಲಿಸ್ಟ್‌ನ್ಯೂಕಾನ್ಫಿಗ್ ಇದೆ, ವಿವರಣೆನೂ ಬೇಕು ಅಂದ್ರೆ ಹೆಲ್ಪ್‌ನ್ಯೂಕಾನ್ಫಿಗ್. ಒಂದೆರಡು ವರ್ಷನ್ ಮುಂದೆ ಹೋಗ್ತಿದ್ರೆ ಓಲ್ಡ್‌ಡೆಫ್‌ಕಾನ್ಫಿಗ್ ಕಣ್ಮುಚ್ಕೊಂಡು ಹೊಡೀಬಹುದು. 4.19ರ ಕಾನ್ಫಿಗ್ ತಂದು 6.12ಕ್ಕೆ ಹಾಕೋರಿದ್ರೆ ಸ್ವಲ್ಪ ಕಣ್ಣು ಬಿಡಿ, ಯಾಕಂದ್ರೆ ಎಷ್ಟೋ ಆಪ್ಷನ್ ಹೆಸರು ಬದಲಾಗಿರುತ್ತೆ, ಕೆಲವು ಪೂರ್ತಿ ಕಿತ್ತು ಹಾಕಿರ್ತಾರೆ, ಕೆಕಾನ್ಫಿಗ್‌ಗೆ, ಅಂದ್ರೆ ಈ ಕಾನ್ಫಿಗ್ ಓದೋ ಕರ್ನಲ್‌ನ ಟೂಲ್‌ಗೆ, ಗೊತ್ತಿಲ್ಲದ ಹೆಸರು ಕಂಡ್ರೆ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಹಳೇ ಐಡಿಇ ಡ್ರೈವರ್‌ಗಳು 5.14ರಲ್ಲಿ ಹೋದ್ವು, ರೈಸರ್‌ಎಫ್‌ಎಸ್ ಫೈಲ್‌ಸಿಸ್ಟಂ 6.13ರಲ್ಲಿ ಹೋಯ್ತು. ಮುಂಚೆ ಒಂದು ಕಾಪಿ ಇಟ್ಕೊಂಡು, ಆಮೇಲೆ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರೋ ಡಿಫ್‌ಕಾನ್ಫಿಗ್‌ಗೆ ಹಳೇದು ಹೊಸದು ಎರಡೂ ಕೊಟ್ರೆ ಏನು ಹೋಯ್ತು ಏನು ಬಂತು ಅಂತ ಸಾಲು ಸಾಲಾಗಿ ತೋರ್ಸುತ್ತೆ.

ಮೇಕ್ ಡೆಫ್‌ಕಾನ್ಫಿಗ್ ಅಂದ್ರೆ ಎಲ್ಲಾ ಮೆಷಿನ್‌ಗೂ ಆಗೋ ಡೀಫಾಲ್ಟ್ ತಾನೆ? ಅದನ್ನೇ ಯಾಕೆ ಹಾಕ್ಬಾರ್ದು?

ಹೆಸರು ನೋಡಿ ಎಲ್ರೂ ಮೋಸ ಹೋಗೋದು ಇಲ್ಲೇ. ಅದು ಆ ಆರ್ಕಿಟೆಕ್ಚರ್ ನೋಡ್ಕೊಳ್ಳೋ ಡೆವಲಪರ್‌ಗಳು ಇಟ್ಟಿರೋ ಒಂದು ಮಟ್ಟದ ಕಾನ್ಫಿಗ್. ನಿಮ್ಮ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಹೊಡೆದ್ರೆ ಸೋರ್ಸ್‌ನ ಆರ್ಚ್ ಫೋಲ್ಡರ್ ಒಳಗೆ ಎಕ್ಸ್86, ಅದರೊಳಗೆ ಕಾನ್ಫಿಗ್ಸ್, ಅಲ್ಲಿರೋ ಫೈಲ್ ಎತ್ಕೊಳ್ಳುತ್ತೆ. ಚಿಕ್ಕದಾಗಿರುತ್ತೆ, ಬೇಗ ಬಿಲ್ಡ್ ಆಗುತ್ತೆ, ವರ್ಚುಯಲ್ ಮೆಷಿನ್‌ಗೋ ಟೆಸ್ಟಿಂಗ್‌ಗೋ ತುಂಬಾ ಚೆನ್ನಾಗಿರುತ್ತೆ. ಆದ್ರೆ ನಿಮ್ಮ ವೈಫೈ ಚಿಪ್‌ನ ಡ್ರೈವರ್ ಅದರಲ್ಲಿ ಇರಲೇಬೇಕು ಅಂತೇನಿಲ್ಲ, ಟಚ್‌ಪ್ಯಾಡ್‌ದೂ ಅಷ್ಟೇ. ಡಿಸ್ಕ್ ಎನ್‌ವಿಎಂಇ ಆಗಿದ್ರೆ ಅದರ ಆಪ್ಷನ್ ಆನ್ ಇದ್ಯಾ, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಡಿಎಂ ಕ್ರಿಪ್ಟ್ ಇದ್ಯಾ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಬಳಸ್ತಿದ್ರೆ ಅದು ಇದ್ಯಾ, ಇಷ್ಟೂ ನೀವೇ ನೋಡ್ಕೋಬೇಕು.

ಡಿಸ್ಟ್ರೋ (ಉಬುಂಟು, ಫೆಡೋರಾ ಥರದ್ದು) ಕಾನ್ಫಿಗ್ ಅಂದ್ರೆ ಮದುವೆ ಮನೆ ಊಟ, ಪ್ರಪಂಚದಲ್ಲಿರೋ ಎಲ್ಲಾ ಹಾರ್ಡ್‌ವೇರ್‌ಗೂ ಒಂದೊಂದು ಐಟಂ ಬಡಿಸಿಟ್ಟಿರ್ತಾರೆ. ಡೆಫ್‌ಕಾನ್ಫಿಗ್ ಅಂದ್ರೆ ಅನ್ನ ಸಾರು. ನಿಮಗೆ ಉಪ್ಪಿನಕಾಯಿ ಬೇಕಾದ್ರೆ ನೀವೇ ಎದ್ದು ಹೋಗಿ ಹಾಕ್ಕೋಬೇಕು.

ಡಿಸ್ಟ್ರೋ ಕಾನ್ಫಿಗ್ ಹಾಕಿದ್ರೆ ಬಿಲ್ಡ್ ಆಗೋಕೆ ಗಂಟೆಗಟ್ಲೆ ಹಿಡಿಯುತ್ತೆ, ಕಮ್ಮಿ ಮಾಡೋಕೆ ದಾರಿ?

ಲೋಕಲ್‌ಮಾಡ್‌ಕಾನ್ಫಿಗ್. 2009ರ ಕೊನೆಗೆ ಬಂದ 2.6.32ರಿಂದ ಇದೆ, ಸ್ಟೀವನ್ ರೋಸ್ಟೆಟ್ ಬರೆದ ಸ್ಟ್ರೀಮ್‌ಲೈನ್ ಕಾನ್ಫಿಗ್ ಅನ್ನೋ ಪರ್ಲ್ ಸ್ಕ್ರಿಪ್ಟ್ ಇದರ ಹಿಂದೆ ಕೆಲಸ ಮಾಡುತ್ತೆ. ಎಲ್‌ಎಸ್‌ಮಾಡ್ ಹೊಡೆದಾಗ ಬರೋ ಪಟ್ಟಿ ತಗೊಂಡು, ಈಗ ಲೋಡ್ ಆಗಿರೋ ಮಾಡ್ಯೂಲ್‌ಗಳನ್ನ (ಬೇಕಾದಾಗ ಲೋಡ್ ಆಗೋ ಡ್ರೈವರ್ ತರದ ತುಂಡುಗಳು) ಮಾತ್ರ ಉಳಿಸಿ ಉಳಿದ ಮಾಡ್ಯೂಲ್‌ಗಳನ್ನೆಲ್ಲ ಕಾನ್ಫಿಗ್‌ನಿಂದ ಕಿತ್ತು ಹಾಕುತ್ತೆ. ನಾಲ್ಕು ಕೋರ್, 8 ಜಿಬಿ ರ‍್ಯಾಮ್ ಇರೋ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಡಿಸ್ಟ್ರೋ ಕಾನ್ಫಿಗ್‌ಗೆ ಎರಡು ಗಂಟೆ ಮೇಲೆ ಹಿಡೀತಿತ್ತು, ಮಧ್ಯ ಒಂದ್ಸಲ ಕರೆಂಟ್ ಹೋಗಿ ಬ್ಯಾಟರಿನೂ ಕೈಕೊಟ್ಟಿತ್ತು. ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದ್ಮೇಲೆ ಕಾಫಿ ಕುಡಿದು ಬರೋಷ್ಟರಲ್ಲಿ ಮುಕ್ಕಾಲು ಮುಗಿದಿರುತ್ತೆ.

ಆದ್ರೆ ಇದು ನೋಡೋದು ಆ ಕ್ಷಣಕ್ಕೆ ಏನು ಲೋಡ್ ಆಗಿದೆ ಅಂತ ಮಾತ್ರ. ಒಂದ್ಸಲ ಹೀಗೇ ಟ್ರಿಮ್ ಮಾಡಿದ ಕರ್ನಲ್ ಹಾಕ್ಕೊಂಡು ಹಬ್ಬಕ್ಕೆ ಊರಿಗೆ ಹೋಗಿದ್ದೆ, ಅಲ್ಲಿ ವೈಫೈ ಇಲ್ಲ, ಫೋನ್ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ದೆ, ಫೋನ್ ಚಾರ್ಜ್ ಆಗ್ತಿದೆ, ನೆಟ್ ಮಾತ್ರ ಇಲ್ಲ. ಕೇಬಲ್ ಬದಲಾಯಿಸ್ದೆ, ಫೋನ್ ರೀಸ್ಟಾರ್ಟ್ ಮಾಡ್ದೆ, ಅತ್ತಿಗೆ ಫೋನ್ ಇಸ್ಕೊಂಡು ಅದನ್ನೂ ಸಿಕ್ಕಿಸಿ ನೋಡ್ದೆ. ಅರ್ಧ ಗಂಟೆ ಆದ್ಮೇಲೆ ಹೊಳೀತು, ಬೆಂಗಳೂರಲ್ಲಿ ಕಾನ್ಫಿಗ್ ಮಾಡುವಾಗ ಮನೆ ವೈಫೈನಲ್ಲಿ ಇದ್ದೆ, ಟೆದರಿಂಗ್‌ಗೆ ಬೇಕಾದ ಆರ್‌ಎನ್‌ಡಿಐಎಸ್ ಹೋಸ್ಟ್ ಮಾಡ್ಯೂಲು ಆವತ್ತು ಲೋಡೇ ಆಗಿರ್ಲಿಲ್ಲ, ಸ್ಕ್ರಿಪ್ಟ್ ಪಾಪ ಅದನ್ನ ಎತ್ತಿ ಬಿಸಾಕಿದೆ. ರೀಬೂಟ್ ಮಾಡಿ ಗ್ರಬ್ ಬೂಟ್ ಮೆನುನಲ್ಲಿ ಹಳೇ ಕರ್ನಲ್ ಆರಿಸ್ಕೊಂಡ್ಮೇಲೆ ನೆಟ್ ಬಂತು.

ಅದಕ್ಕೇ ಲೋಕಲ್‌ಮಾಡ್‌ಕಾನ್ಫಿಗ್ ಹೊಡೆಯೋಕೆ ಮುಂಚೆ ಮನೇಲಿರೋದನ್ನೆಲ್ಲ ಒಂದ್ಸಲ ಸಿಕ್ಕಿಸಿ. ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ವೆಬ್‌ಕ್ಯಾಮ್, ಬ್ಲೂಟೂತ್ ಹೆಡ್‌ಫೋನ್, ಫೋನ್, ಎಚ್‌ಡಿಎಂಐ ಮಾನಿಟರ್. ವಿಪಿಎನ್ ಒಂದ್ಸಲ ಆನ್ ಮಾಡಿ, ಡಾಕರ್ ಕಂಟೇನರ್ ಒಂದು ಓಡಿಸಿ, ವರ್ಚುಯಲ್ ಮೆಷಿನ್ ಒಂದು ಎಬ್ಬಿಸಿ, ಐಎಸ್‌ಓ ಫೈಲ್ ಒಂದು ಮೌಂಟ್ ಮಾಡಿ. ಸಿಕ್ಕಿಸಿ ತೆಗೆದ್ರೂ ಮಾಡ್ಯೂಲ್ ಸಾಮಾನ್ಯವಾಗಿ ಲೋಡ್ ಆಗೇ ಇರುತ್ತೆ, ಹಾಗಾಗಿ ಎಲ್ಲಾ ಒಟ್ಟಿಗೆ ತಗಲಿ ಹಾಕ್ಕೊಂಡು ಕೂರ್ಬೇಕಿಲ್ಲ. ಆತುರ ಇಲ್ಲ ಅಂದ್ರೆ ಮಾಡ್‌ಪ್ರೋಬ್ಡ್ ಡಿಬಿ ಅಂತ ಒಂದು ಟೂಲ್ ಇದೆ, ಆರ್ಚ್ ಲಿನಕ್ಸ್ ಬಳಸೋರಿಗೆ ಗೊತ್ತಿರುತ್ತೆ, ಕೆಲವು ವಾರ ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ, ಅದು ಲೋಡ್ ಆದ ಮಾಡ್ಯೂಲ್‌ಗಳನ್ನೆಲ್ಲ ಬರ್ಕೊಳ್ತಾ ಹೋಗುತ್ತೆ, ಆಮೇಲೆ ಆ ಪಟ್ಟಿನೇ ಎಲ್‌ಎಸ್‌ಮಾಡ್ ವೇರಿಯಬಲ್‌ಗೆ ಕೊಟ್ರಾಯ್ತು. ಬಿಲ್ಡ್ ಮಾಡೋ ಮೆಷಿನ್ ಬೇರೆ, ಓಡ್ಸೋ ಮೆಷಿನ್ ಬೇರೆ ಆದ್ರೂ ಇದೇ ದಾರಿ, ಆ ಮೆಷಿನ್‌ನ ಎಲ್‌ಎಸ್‌ಮಾಡ್ ಔಟ್‌ಪುಟ್ ಒಂದು ಫೈಲ್‌ನಲ್ಲಿ ತಂದು ಕೊಡೋದು. ಇನ್ನು ಎಲ್‌ಎಂಸಿ ಕೀಪ್ ಅನ್ನೋ ವೇರಿಯಬಲ್‌ಗೆ ಡ್ರೈವರ್ಸ್ ಒಳಗಿನ ಯುಎಸ್‌ಬಿ ಫೋಲ್ಡರ್, ಎಫ್‌ಎಸ್ ಫೋಲ್ಡರ್ ಅಂತ ಕೊಟ್ರೆ ಅದರೊಳಗಿನ ಮಾಡ್ಯೂಲ್‌ಗಳ ತಂಟೆಗೆ ಸ್ಕ್ರಿಪ್ಟ್ ಹೋಗಲ್ಲ. ನನ್ನ ಟೆದರಿಂಗ್ ಕಥೆ ಆದ್ಮೇಲೆ ಡ್ರೈವರ್ಸ್‌ನ ನೆಟ್ ಒಳಗಿನ ಯುಎಸ್‌ಬಿ ಫೋಲ್ಡರೂ ಸೇರಿಸ್ತೀನಿ.

ಎನ್‌ವಿಡಿಯಾ, ವರ್ಚುಯಲ್‌ಬಾಕ್ಸ್ ತರದ ಹೊರಗಿನ ಮಾಡ್ಯೂಲ್ ಇದ್ರೆ ಕಾನ್ಫಿಗ್ ನಾಟ್ ಫೌಂಡ್ ಅಂತ ಬೊಬ್ಬೆ ಹೊಡೆಯುತ್ತೆ, ಅವು ಕರ್ನಲ್ ಸೋರ್ಸ್‌ನಲ್ಲೇ ಇಲ್ವಲ್ಲ, ತಲೆ ಕೆಡಿಸ್ಕೋಬೇಡಿ.

ಲೋಕಲ್‌ಯೆಸ್‌ಕಾನ್ಫಿಗ್ ಅಂತನೂ ಇದೆಯಲ್ಲ?

ಇದೆ. ಅದು ಲೋಡ್ ಆಗಿರೋ ಮಾಡ್ಯೂಲ್‌ಗಳನ್ನ ಕರ್ನಲ್ ಒಳಗೇ ಸೇರಿಸ್ಬಿಡುತ್ತೆ. ಮಾಡ್ಯೂಲ್ ಗೊಡವೆನೇ ಬೇಡ ಅನ್ನೋರಿಗೆ ಖುಷಿ ಆಗುತ್ತೆ, ಆದ್ರೆ ಫರ್ಮ್‌ವೇರ್ ಬೇಡೋ ಡ್ರೈವರ್‌ಗಳು, ಅಂದ್ರೆ ವೈಫೈ ಮತ್ತೆ ಗ್ರಾಫಿಕ್ಸ್, ಬೂಟ್ ಶುರುವಲ್ಲೇ ಎದ್ದು ಫರ್ಮ್‌ವೇರ್ ಎಲ್ಲಿ ಅಂತ ಕೇಳ್ತಾವೆ, ಆಗ ಡಿಸ್ಕ್ ಇನ್ನೂ ಮೌಂಟೇ ಆಗಿರಲ್ಲ. ಫರ್ಮ್‌ವೇರ್ ಫೈಲನ್ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲೋ (ಡಿಸ್ಕ್ ಮೌಂಟ್ ಆಗೋಕೆ ಮುಂಚೆ ಲೋಡ್ ಆಗೋ ಪುಟ್ಟ ಫೈಲ್‌ಸಿಸ್ಟಂ), ಎಕ್ಸ್‌ಟ್ರಾ ಫರ್ಮ್‌ವೇರ್ ಆಪ್ಷನ್ ಮೂಲಕ ಕರ್ನಲ್‌ನಲ್ಲೋ ಸೇರಿಸ್ಬೇಕಾಗುತ್ತೆ. ಮೊದಲ ಸಲಕ್ಕೆ ಬೇಡ.

ಉಬುಂಟು ಕಾನ್ಫಿಗ್ ಕಾಪಿ ಮಾಡಿ ಮೇಕ್ ಹೊಡೆದೆ, ಕೆನಾನಿಕಲ್ ಸರ್ಟ್ಸ್ ಪೆಮ್ ಫೈಲ್ ಇಲ್ಲ ಅಂತ ನಿಂತೋಯ್ತು

ಎಲ್ರಿಗೂ ಆಗೋದೇ. ಉಬುಂಟು ತನ್ನ ಮಾಡ್ಯೂಲ್ ಸಹಿ ಪರೀಕ್ಷೆಗೆ ಬೇಕಾದ ಕೀಗಳ ಫೈಲ್ ಹೆಸರನ್ನ ಕಾನ್ಫಿಗ್‌ನಲ್ಲಿ ಬರೆದಿರುತ್ತೆ, ಆ ಫೈಲ್ ಇರೋದು ಉಬುಂಟುದೇ ಸೋರ್ಸ್‌ನಲ್ಲಿ, ನೀವು ಕರ್ನಲ್ ಡಾಟ್ ಆರ್ಗ್‌ನಿಂದ ಇಳಿಸಿದ್ದರಲ್ಲಿ ಇಲ್ಲ. ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರೋ ಕಾನ್ಫಿಗ್ ಅನ್ನೋ ಸ್ಕ್ರಿಪ್ಟ್‌ಗೆ ಡಿಸೇಬಲ್ ಸಿಸ್ಟಂ_ಟ್ರಸ್ಟೆಡ್_ಕೀಸ್, ಆಮೇಲೆ ಡಿಸೇಬಲ್ ಸಿಸ್ಟಂ_ರೆವೊಕೇಶನ್_ಕೀಸ್ ಅಂತ ಕೊಡಿ, ಅಥವಾ ಡಾಟ್ ಕಾನ್ಫಿಗ್ ಓಪನ್ ಮಾಡಿ ಆ ಎರಡು ಸಾಲಿನ ಕೋಟ್ಸ್ ಒಳಗಿರೋದನ್ನ ಅಳಿಸಿ ಖಾಲಿ ಬಿಡಿ. ಡೆಬಿಯನ್ ಕಾನ್ಫಿಗ್‌ನಲ್ಲೂ ಇದೇ ಥರ ಬರುತ್ತೆ, ಔಷಧಿನೂ ಅದೇ.

ಸೆಕ್ಯೂರ್ ಬೂಟ್ ಆನ್ ಇದ್ರೆ ನೀವು ಬಿಲ್ಡ್ ಮಾಡಿದ ಕರ್ನಲ್‌ಗೆ ನೀವೇ ಸಹಿ ಹಾಕಿ ಕೀ ಎನ್‌ರೋಲ್ ಮಾಡ್ಬೇಕು, ಇಲ್ಲಾಂದ್ರೆ ಬೂಟ್ ಆಗಲ್ಲ. ಕಲಿಯೋ ಟೈಮ್‌ನಲ್ಲಿ ಬಯೋಸ್‌ನಲ್ಲಿ ಆಫ್ ಮಾಡಿಡಿ. ಅದೇ ಮೆಷಿನ್‌ನಲ್ಲಿ ವಿಂಡೋಸ್ ಇದ್ದು ಬಿಟ್‌ಲಾಕರ್ ಆನ್ ಇದ್ರೆ ರಿಕವರಿ ಕೀ ಮೊದಲೇ ಎತ್ತಿಟ್ಕೊಂಡು ಆಮೇಲೆ ಕೈ ಹಾಕಿ.

ಬಿಲ್ಡ್ ಫೋಲ್ಡರ್ 20 ಜಿಬಿ ದಾಟಿದೆ, ಡಿಸ್ಕ್ ಫುಲ್ ಅಂತಿದೆ, ಏನು ತಪ್ಪು ಮಾಡ್ದೆ?

ನೀವೇನೂ ಮಾಡಿಲ್ಲ, ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಡೀಬಗ್ ಇನ್ಫೋ ಆನ್ ಇರುತ್ತೆ. ಕ್ರ್ಯಾಶ್ ಡಂಪ್ ನೋಡೋಕೆ ಅವರಿಗದು ಬೇಕು, ನಿಮಗೆ ಬಹುಶಃ ಬೇಡ. ಆಫ್ ಮಾಡೋದ್ರಲ್ಲಿ ಒಂದು ತಿರುವು ಇದೆ. 2022ರಲ್ಲಿ ಬಂದ 5.18ರಿಂದ ಇದು ಹೌದು-ಇಲ್ಲ ಅನ್ನೋ ಆಪ್ಷನ್ ಆಗಿ ಉಳಿದಿಲ್ಲ, ನಾಲ್ಕೈದರಲ್ಲಿ ಒಂದು ಆರಿಸೋ ಚಾಯ್ಸ್ ಆಗಿದೆ. ಹಳೇ ಪೋಸ್ಟ್‌ಗಳಲ್ಲಿ ಡಿಸೇಬಲ್ ಡೀಬಗ್_ಇನ್ಫೋ ಅಂತ ಬರೆದಿರ್ತಾರೆ, ಅದನ್ನ ಹೊಡೆದು ಓಲ್ಡ್‌ಡೆಫ್‌ಕಾನ್ಫಿಗ್ ಮಾಡಿದ್ರೆ ವಾಪಸ್ ಬಂದು ಕೂತಿರುತ್ತೆ, ನೀವು ಮಾಡಿದ್ದು ನೀರಲ್ಲಿ ಹೋಮ. ಈಗ ಎನೇಬಲ್ ಡೀಬಗ್_ಇನ್ಫೋ_ನನ್ ಅಂತ ಕೊಡ್ಬೇಕು, ಮೆನುಕಾನ್ಫಿಗ್‌ನಲ್ಲಾದ್ರೆ ಕರ್ನಲ್ ಹ್ಯಾಕಿಂಗ್ ಒಳಗೆ ಹೋಗಿ ಡಿಸೇಬಲ್ ಅನ್ನೋದನ್ನ ಆರಿಸ್ಬೇಕು. ಉಲ್ಟಾನೂ ಆಗುತ್ತೆ, 5.18ಕ್ಕಿಂತ ಹಳೇ ಕಾನ್ಫಿಗ್ ತಂದು ಓಲ್ಡ್‌ಡೆಫ್‌ಕಾನ್ಫಿಗ್ ಹೊಡೆದು ಡೀಬಗ್ ಇನ್ಫೋ ಮಾಯ ಆಗಿ ತಲೆ ಕೆರ್ಕೊಂಡೋರಿದಾರೆ.

ಆಫ್ ಮಾಡಿದ್ರೆ ಬಿಟಿಎಫ್ (ಕರ್ನಲ್ ಟೈಪ್‌ಗಳ ವಿವರ) ಕೂಡ ಹೋಗುತ್ತೆ, ಓಡ್ತಿರೋ ಕರ್ನಲ್ ಒಳಗೆ ಇಣುಕೋ ಬಿಪಿಎಫ್ ಟೂಲ್ಸ್ ಬಳಸೋರಿಗೆ ಅದು ಬೇಕು. ಬೇಕು ಅಂದ್ರೆ ಬಿಟಿಎಫ್ ತಯಾರಿಸೋ ಪಾಹೋಲ್ ಟೂಲ್ ಇನ್‌ಸ್ಟಾಲ್ ಮಾಡ್ಕೊಂಡು ಹಾಗೇ ಬಿಡಿ, ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್ ಈಕ್ವಲ್ 1 ಕೊಟ್ರೆ ಮಾಡ್ಯೂಲ್‌ಗಳು ಡಿಸ್ಕ್‌ನಲ್ಲಿ ತೆಳ್ಳಗಾಗಿ ಕೂರ್ತವೆ, ಇನಿಟ್‌ರಾಮ್‌ಎಫ್‌ಎಸ್ ಕೂಡ ಬೂಟ್ ಪಾರ್ಟಿಶನ್‌ನಲ್ಲಿ ಹಿಡಿಯುತ್ತೆ.

ವಿಎಫ್‌ಎಸ್ ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಅಂತ ಪ್ಯಾನಿಕ್ ಆಗಿ ಕರ್ನಲ್ ನಿಂತೋಗಿದೆ, ಕಾನ್ಫಿಗ್ ತಪ್ಪಾ?

ಹೆಚ್ಚು ಕಮ್ಮಿ ಹೌದು. ಅನ್‌ನೋನ್ ಬ್ಲಾಕ್ ಸೊನ್ನೆ ಸೊನ್ನೆ ಅಂತ ಇದ್ರೆ ಕರ್ನಲ್‌ಗೆ ನಿಮ್ಮ ಡಿಸ್ಕೇ ಕಾಣಿಸ್ತಿಲ್ಲ ಅಂತ ಅರ್ಥ. ಡಿಸ್ಕ್ ಡ್ರೈವರ್ ಮಾಡ್ಯೂಲ್ ಆಗಿದ್ದು ಇನಿಟ್‌ರಾಮ್‌ಎಫ್‌ಎಸ್ ಮಾಡದೇ ಇದ್ರೆ ಹೀಗಾಗುತ್ತೆ, ಮಾಡ್ಯೂಲ್ ಇರೋದು ಡಿಸ್ಕ್‌ನಲ್ಲಿ, ಡಿಸ್ಕ್ ಓದೋಕೆ ಮಾಡ್ಯೂಲ್ ಬೇಕು, ಬೀಗದ ಕೈ ಮನೆ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಇನಿಟ್‌ರಾಮ್‌ಎಫ್‌ಎಸ್ ಇದ್ರೆ ಸಮಸ್ಯೆ ಇಲ್ಲ. ಇಲ್ದೆ ಮಾಡ್ತೀನಿ ಅಂದ್ರೆ ಡಿಸ್ಕ್ ಡ್ರೈವರ್ ಅಂದ್ರೆ ಎನ್‌ವಿಎಂಇ ಅಥವಾ ಎಎಚ್‌ಸಿಐ, ಫೈಲ್‌ಸಿಸ್ಟಂ ಅಂದ್ರೆ ಇಎಕ್ಸ್‌ಟಿ4 ಅಥವಾ ನಿಮ್ಮದು ಯಾವುದೋ ಅದು, ಇವೆಲ್ಲ ವೈ (ಕರ್ನಲ್ ಒಳಗೇ) ಆಗಿರಬೇಕು, ಎಂ (ಮಾಡ್ಯೂಲ್) ಆಗಿದ್ರೆ ಕೆಲಸ ನಡೆಯಲ್ಲ. ಜೊತೆಗೆ ಡೆವ್‌ಟಿಎಂಪಿಎಫ್‌ಎಸ್, ಅದಿಲ್ದೆ ಸಿಸ್ಟಂಡಿ (ಬೂಟ್ ಆದಾಗ ಉಳಿದದ್ದನ್ನೆಲ್ಲ ಎಬ್ಬಿಸೋ ಪ್ರೋಗ್ರಾಂ) ಏಳಲ್ಲ.

ಪ್ಯಾನಿಕ್ ಇಲ್ಲ, ಆದ್ರೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದಿದೆ ಅಂದ್ರೆ ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್ ಮರ್ತಿದೀರಾ ಅಂತ ಮೊದಲು ನೋಡಿ. ಇಎಫ್‌ಐ ಪಾರ್ಟಿಶನ್ ಮೌಂಟ್ ಮಾಡೋಕೆ ವಿಫ್ಯಾಟ್ ಬೇಕು, ಅದು ಮಾಡ್ಯೂಲ್ ಆಗಿದ್ದು ಸಿಗ್ಲಿಲ್ಲ ಅಂದ್ರೆ ಸಿಸ್ಟಂಡಿ ಮುನಿಸ್ಕೊಂಡು ಕೂರುತ್ತೆ.

ವೈ ಹಾಕ್ಲಾ ಎಂ ಹಾಕ್ಲಾ ಅಂತ ಹೇಗೆ ನಿರ್ಧಾರ ಮಾಡೋದು?

ಬೂಟ್ ಆಗೋಕೆ ಬೇಕಾದ್ದು ವೈ, ಯಾವಾಗಲಾದ್ರೂ ಬೇಕಾದ್ದು ಎಂ, ಯಾವತ್ತೂ ಬೇಡದ್ದು ಎನ್. ಗೊತ್ತಿಲ್ಲ ಅಂದ್ರೆ ಡಿಸ್ಟ್ರೋದವರು ಏನು ಹಾಕಿದಾರೋ ಅದನ್ನೇ ಬಿಡಿ. ಮೆನುಕಾನ್ಫಿಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದ್ರೆ ಹೆಲ್ಪ್ ಬರುತ್ತೆ, ಎಷ್ಟೋ ಕಡೆ ಕೊನೆ ಸಾಲಲ್ಲಿ ಗೊತ್ತಿಲ್ಲದಿದ್ರೆ ಎನ್ ಹೇಳಿ ಅಂತ ಬರೆದೇ ಇರ್ತಾರೆ. ಸ್ಲ್ಯಾಶ್ ಒತ್ತಿ ಹೆಸರು ಹೊಡೆದ್ರೆ ಹುಡುಕಿ ಕೊಡುತ್ತೆ, ಪಕ್ಕದಲ್ಲಿರೋ ನಂಬರ್ ಒತ್ತಿದ್ರೆ ನೇರ ಆ ಜಾಗಕ್ಕೆ ಕರ್ಕೊಂಡು ಹೋಗುತ್ತೆ.

ಹುಡುಕಿದ್ದು ಸಿಗುತ್ತೆ ಆದ್ರೆ ಆನ್ ಮಾಡೋಕೆ ಬಿಡಲ್ಲ ಅಂತ ಕೇಳ್ತಾರೆ. ಅಲ್ಲೇ ಡಿಪೆಂಡ್ಸ್ ಆನ್ ಅಂತ ಒಂದು ಸಾಲು ಇರುತ್ತೆ, ಅದರಲ್ಲಿ ಯಾವುದು ಎನ್ ಇದೆಯೋ ಅದನ್ನ ಮೊದಲು ಆನ್ ಮಾಡ್ಬೇಕು. ಡಾಟ್ ಕಾನ್ಫಿಗ್ ಫೈಲನ್ನ ಕೈಯಲ್ಲೇ ಎಡಿಟ್ ಮಾಡಿ ವೈ ಅಂತ ಬರೆದ್ರೂ ಡಿಪೆಂಡೆನ್ಸಿ ಇಲ್ಲ ಅಂದ್ರೆ ಮುಂದಿನ ಸಲ ಮೇಕ್ ಹೊಡೆದಾಗ ಅದು ಅಳಿಸಿ ಹೋಗಿರುತ್ತೆ, ಒಂದು ಮಾತೂ ಹೇಳಲ್ಲ.

ಟೈನಿಕಾನ್ಫಿಗ್‌ನಿಂದ ಶುರು ಮಾಡಿ ಬೇಕಾದ್ದು ಸೇರಿಸ್ತಾ ಹೋದ್ರೆ ಪರ್ಫೆಕ್ಟ್ ಕರ್ನಲ್ ಸಿಗುತ್ತಲ್ವಾ?

ಸಿಗುತ್ತೆ, ನಿಮಗೆ ರಜಾ ಎಷ್ಟು ದಿನ ಇದೆ? ಟೈನಿಕಾನ್ಫಿಗ್‌ನಲ್ಲಿ ಹೆಚ್ಚು ಕಮ್ಮಿ ಎಲ್ಲಾ ಎನ್. ಸ್ಕ್ರೀನ್ ಮೇಲೆ ಒಂದಕ್ಷರ ಮೂಡಿಸೋಕೆ ಬೇಕಾದ ಪ್ರಿಂಟ್‌ಕೆ ಕೂಡ ಇರಲ್ಲ, ಟಿಟಿವೈ (ಟರ್ಮಿನಲ್) ಇರಲ್ಲ, ಎಲ್ಫ್ ಬೈನರಿ, ಅಂದ್ರೆ ಸಾಮಾನ್ಯ ಪ್ರೋಗ್ರಾಂ, ಓಡ್ಸೋ ಆಪ್ಷನ್ನೂ ಇರಲ್ಲ. ಬೂಟ್ ಆಯ್ತೋ ಸತ್ತೋಯ್ತೋ ಅಂತ ತಿಳಿಯೋಕೂ ಮೊದಲು ನಾಲ್ಕು ಆಪ್ಷನ್ ಆನ್ ಮಾಡ್ಬೇಕು. ಕಲಿಯೋಕೆ ಇದಕ್ಕಿಂತ ಒಳ್ಳೇ ಆಟ ಇಲ್ಲ, ಕ್ಯೂಇಎಂಯು ಅನ್ನೋ ವರ್ಚುಯಲ್ ಮೆಷಿನ್‌ನಲ್ಲಿ ಒಂದು ಬಿಜಿಬಾಕ್ಸ್ (ಮೂಲ ಕಮಾಂಡುಗಳ ಪುಟ್ಟ ಗಂಟು) ಇಟ್ಕೊಂಡು ಒಂದು ಭಾನುವಾರ ಆಡಿ, ಎಲ್ಫ್ ಆಪ್ಷನ್ ಯಾಕೆ ಬೇಕು ಅಂತ ಜನ್ಮಕ್ಕೂ ಮರೆಯಲ್ಲ. ದಿನಾ ಬಳಸೋ ಲ್ಯಾಪ್‌ಟಾಪ್‌ಗೆ ಮಾತ್ರ ಬೇಡ.

ಆಲ್‌ಯೆಸ್‌ಕಾನ್ಫಿಗ್, ಆಲ್‌ಮಾಡ್‌ಕಾನ್ಫಿಗ್, ರ‍್ಯಾಂಡ್‌ಕಾನ್ಫಿಗ್?

ಬೂಟ್ ಮಾಡೋಕಲ್ಲ. ಪ್ಯಾಚ್ ಬರೆಯೋರು ತಮ್ಮ ಕೋಡ್ ಎಲ್ಲಾ ಕಡೆ ಕಂಪೈಲ್ ಆಗುತ್ತಾ ಅಂತ ನೋಡೋಕೆ.

ವರ್ಚುಯಲ್ ಮೆಷಿನ್‌ನಲ್ಲಿ ಮಾತ್ರ ಓಡ್ಸೋದು ಅಂದ್ರೆ?

ಮೇಕ್ ಡೆಫ್‌ಕಾನ್ಫಿಗ್, ಅದರ ಹಿಂದೇನೇ ಮೇಕ್ ಕೆವಿಎಂ_ಗೆಸ್ಟ್ ಡಾಟ್ ಕಾನ್ಫಿಗ್. ವರ್ಟ್‌ಐಓ ಡಿಸ್ಕು, ನೆಟ್‌ವರ್ಕು, ಸೀರಿಯಲ್ ಕನ್ಸೋಲು ಎಲ್ಲಾ ಬರುತ್ತೆ. ಹಳೇ ಪುಸ್ತಕಗಳಲ್ಲಿ ಕೆವಿಎಂಕಾನ್ಫಿಗ್ ಅಂತ ಇರುತ್ತೆ, ಈಗ ಆ ಹೆಸರು ತೆಗೆದಿದಾರೆ. ಡ್ರೈವರ್ ಬರೆಯೋದು ಕಲಿಯೋ ಇಂಜಿನಿಯರಿಂಗ್ ಹುಡುಗರಿಗೆ ನಾನು ಹೇಳೋದು ಇದನ್ನೇ, ಲ್ಯಾಪ್‌ಟಾಪ್ ಬೇಗ ಬಿಲ್ಡ್ ಮಾಡುತ್ತೆ, ಪ್ಯಾನಿಕ್ ಆದ್ರೆ ಒಂದು ಕಿಟಕಿ ಮುಚ್ಚಿದ್ರೆ ಆಯ್ತು.

ಹೀಗೆ ಒಂದರ ಮೇಲೊಂದು ಹಾಕೋ ತುಂಡು ಕಾನ್ಫಿಗ್‌ಗಳಿಗೆ ಫ್ರಾಗ್ಮೆಂಟ್ ಅಂತಾರೆ. ನಿಮ್ಮದೇ ಫ್ರಾಗ್ಮೆಂಟ್ ಬರೆದಿಟ್ಕೊಂಡು ಮರ್ಜ್_ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಸೇರಿಸ್ಬಹುದು, ನೀವು ಕೇಳಿದ್ದು ಕೊನೆಗೆ ಸಿಗ್ಲಿಲ್ಲ ಅಂದ್ರೆ ಅದು ಬಾಯಿಬಿಟ್ಟು ಹೇಳುತ್ತೆ.

ರಾಸ್ಪ್‌ಬೆರಿ ಪೈಗೆ ಯಾವುದು?

ರಾಸ್ಪ್‌ಬೆರಿ ಪೈಯವರದ್ದೇ ಕರ್ನಲ್ ಸೋರ್ಸ್ ತಗೊಂಡ್ರೆ ಪೈ 4ಕ್ಕೆ ಬಿಸಿಎಂ2711_ಡೆಫ್‌ಕಾನ್ಫಿಗ್, ಪೈ 5ಕ್ಕೆ ಬಿಸಿಎಂ2712_ಡೆಫ್‌ಕಾನ್ಫಿಗ್. ಪೈ 5ರದ್ದು 16 ಕೆ ಪೇಜ್ ಸೈಜ್ ಬಳಸುತ್ತೆ, ಕೆಲವು ಹಳೇ ಸಾಫ್ಟ್‌ವೇರ್ ಅದರ ಮೇಲೆ ತಕರಾರು ಮಾಡುತ್ತೆ, ಅಂಥಾದ್ದೇನಾದ್ರೂ ಇದ್ರೆ ಪೈ 5ರಲ್ಲೂ 2711ರದ್ದೇ ಹಾಕಿ ಓಡಿಸ್ಬಹುದು. ಮೇನ್‌ಲೈನ್ ಸೋರ್ಸ್ ಆದ್ರೆ 64 ಬಿಟ್ ಆರ್ಮ್‌ನ ಬೋರ್ಡ್‌ಗಳಿಗೆಲ್ಲ ಸೇರಿ ಒಂದೇ ಡೆಫ್‌ಕಾನ್ಫಿಗ್, 32 ಬಿಟ್ ಆರ್ಮ್‌ವಿ7ಕ್ಕೆ ಮಲ್ಟಿ_ವಿ7_ಡೆಫ್‌ಕಾನ್ಫಿಗ್.

ಲ್ಯಾಪ್‌ಟಾಪ್‌ನಲ್ಲಿ ಕ್ರಾಸ್ ಕಂಪೈಲ್ (ಬೇರೆ ಥರದ ಪ್ರಾಸೆಸರ್‌ಗೆ ಬಿಲ್ಡ್) ಮಾಡೋರು ಆರ್ಚ್ ಈಕ್ವಲ್ ಆರ್ಮ್64, ಕ್ರಾಸ್_ಕಂಪೈಲ್ ಎರಡನ್ನೂ ಪ್ರತಿ ಸಲ ಮೇಕ್ ಜೊತೆ ಕೊಡ್ಬೇಕು, ಕಾನ್ಫಿಗ್ ಮಾಡುವಾಗ್ಲೂ. ಬಿಟ್ರೆ ಎಕ್ಸ್86 ಕಾನ್ಫಿಗ್ ಬಂದು ಕೂರುತ್ತೆ. ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ, ಡಾಟ್ ಕಾನ್ಫಿಗ್ ಇಲ್ದೇ ನೇರ ಮೆನುಕಾನ್ಫಿಗ್ ಹೊಡೆದ್ರೆ ಅದು ಖಾಲಿಯಿಂದ ಶುರು ಆಗಲ್ಲ, ಮೊದಲು ನಿಮ್ಮ ಬೂಟ್ ಫೋಲ್ಡರ್‌ನಲ್ಲಿರೋ ಡಿಸ್ಟ್ರೋ ಕಾನ್ಫಿಗ್ ಇದ್ಯಾ ಅಂತ ಹುಡುಕಿ ಅದನ್ನೇ ತಗೊಳ್ಳುತ್ತೆ. ಲ್ಯಾಪ್‌ಟಾಪ್ ಕರ್ನಲ್‌ಗೆ ಇದು ವರ, ಪೈಗೆ ಬಿಲ್ಡ್ ಮಾಡುವಾಗ ಆರ್ಚ್ ಕೊಡೋದು ಮರೆತ್ರೆ ಶಾಪ. ಬೋರ್ಡ್ ಕೆಲಸ ಅಂದ್ರೆ ಮೊದಲು ಡೆಫ್‌ಕಾನ್ಫಿಗ್, ಆಮೇಲೆ ಮೆನುಕಾನ್ಫಿಗ್.

ವಿಂಡೋಸ್ ಒಳಗೆ ಲಿನಕ್ಸ್ ಓಡ್ಸೋ ಡಬ್ಲ್ಯುಎಸ್‌ಎಲ್ 2ಕ್ಕೆ?

ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಎಲ್ ಕರ್ನಲ್ ಸೋರ್ಸ್‌ನಲ್ಲೇ ಮೈಕ್ರೋಸಾಫ್ಟ್ ಅನ್ನೋ ಫೋಲ್ಡರ್ ಇದೆ, ಅದರೊಳಗಿನ ಕಾನ್ಫಿಗ್ ಹೈಫನ್ ಡಬ್ಲ್ಯುಎಸ್‌ಎಲ್ ಬಳಸಿ.

ಟ್ರಿಮ್ ಮಾಡಿದ ಕರ್ನಲ್‌ನಲ್ಲಿ ಡಾಕರ್ ಓಡ್ತಿಲ್ಲ

ಓವರ್‌ಲೇ ಎಫ್‌ಎಸ್, ವೆತ್, ಬ್ರಿಡ್ಜ್, ನೆಟ್‌ಫಿಲ್ಟರ್‌ನ ನ್ಯಾಟ್ ಇವುಗಳಲ್ಲಿ ಯಾವುದೋ ಒಂದು ಹೋಗಿರುತ್ತೆ. ಡಾಕರ್‌ನ ಮೂಲವಾದ ಮೊಬಿ ಸೋರ್ಸ್‌ನ ಕಾಂಟ್ರಿಬ್ ಫೋಲ್ಡರ್‌ನಲ್ಲಿ ಚೆಕ್ ಕಾನ್ಫಿಗ್ ಅಂತ ಸ್ಕ್ರಿಪ್ಟ್ ಇದೆ, ನಿಮ್ಮ ಡಾಟ್ ಕಾನ್ಫಿಗ್ ಕೊಟ್ರೆ ಮಿಸ್ಸಿಂಗ್ ಅಂತ ಕೆಂಪಕ್ಷರದಲ್ಲಿ ಪಟ್ಟಿ ಕೊಡುತ್ತೆ. ಬಿಲ್ಡ್ ಮಾಡೋಕೆ ಮುಂಚೆನೇ ಓಡ್ಸಿ ನೋಡಿ.

ಗಿಟ್ ಬೈಸೆಕ್ಟ್‌ನಿಂದ ತೊಂದರೆ ತಂದ ಕಮಿಟ್ ಹುಡುಕ್ತಿದೀನಿ, ಪ್ರತಿ ಹೆಜ್ಜೆಗೂ ಯಾವ ಕಾನ್ಫಿಗ್?

ಟ್ರಿಮ್ ಮಾಡಿ, ಆ ತೊಂದರೆ ಕಾಣಿಸ್ತಿದೆ ಅಂತ ಖಾತ್ರಿ ಆದ ಒಂದು ಕಾನ್ಫಿಗ್ ಸೋರ್ಸ್ ಫೋಲ್ಡರ್ ಹೊರಗೆ ಎತ್ತಿಡಿ. ಪ್ರತಿ ಹೆಜ್ಜೆಲೂ ಅದನ್ನೇ ಮತ್ತೆ ಕಾಪಿ ಮಾಡಿ ಓಲ್ಡ್‌ಡೆಫ್‌ಕಾನ್ಫಿಗ್ ಹೊಡೀರಿ. ಹಿಂದಿನ ಹೆಜ್ಜೆಯ ಡಾಟ್ ಕಾನ್ಫಿಗ್ ಮುಂದುವರಿಸಿದ್ರೆ, ಬೈಸೆಕ್ಟ್ ಹಳೇ ಕಮಿಟ್‌ಗೆ ಹೋದಾಗ ಹೊಸ ಆಪ್ಷನ್‌ಗಳು ಬಿದ್ದು ಹೋಗ್ತಾವೆ, ಮತ್ತೆ ಹೊಸ ಕಮಿಟ್‌ಗೆ ಬಂದಾಗ ಅವಕ್ಕೆ ಡೀಫಾಲ್ಟ್ ಸಿಗುತ್ತೆ, ನೀವು ಹಾಕಿದ್ದು ಸಿಗಲ್ಲ. ಕೊನೆಗೆ ತಪ್ಪಿಲ್ಲದ ಕಮಿಟ್ ಒಂದರ ಮೇಲೆ ಬೆರಳು ತೋರಿಸಿ, ಬರೆದೋರ ಹತ್ರ ಮರ್ಯಾದೆ ಕಳ್ಕೊಳ್ತೀರಿ.

ಕಾನ್ಫಿಗ್ ಅಳಿಸೋಯ್ತು! ಮೇಕ್ ಕ್ಲೀನ್ ತಾನೆ ಮಾಡಿದ್ದು?

ಮೇಕ್ ಕ್ಲೀನ್ ಮಾಡಿದ್ರೆ ಡಾಟ್ ಕಾನ್ಫಿಗ್ ಇರುತ್ತೆ. ನೀವು ಮಾಡಿರೋದು ಮಿಸ್ಟರ್ ಪ್ರಾಪರ್ ಅಥವಾ ಡಿಸ್ಟ್‌ಕ್ಲೀನ್, ಅವೆರಡೂ ಅದನ್ನೂ ಸೇರಿಸಿ ಗುಡಿಸಿ ಹಾಕ್ತವೆ. ಆ ಕಾನ್ಫಿಗ್‌ನಲ್ಲಿ ಬಿಲ್ಡ್ ಆದ ಕರ್ನಲ್ ಇನ್‌ಸ್ಟಾಲ್ ಆಗಿದ್ರೆ ಬೂಟ್ ಫೋಲ್ಡರ್‌ನಲ್ಲೋ ಪ್ರೋಕ್‌ನಲ್ಲೋ ಸಿಗ್ಬಹುದು. ಮುಂದಿನ ಸಲಕ್ಕೆ ಮೇಕ್ ಸೇವ್‌ಡೆಫ್‌ಕಾನ್ಫಿಗ್ ಅಭ್ಯಾಸ ಮಾಡ್ಕೊಳ್ಳಿ, ಡೀಫಾಲ್ಟ್‌ಗಿಂತ ಬೇರೆ ಇರೋ ಸಾಲುಗಳನ್ನ ಮಾತ್ರ ಡೆಫ್‌ಕಾನ್ಫಿಗ್ ಅನ್ನೋ ಚಿಕ್ಕ ಫೈಲ್‌ಗೆ ಬರೆಯುತ್ತೆ, ಗಿಟ್‌ನಲ್ಲಿ ಇಟ್ಕೊಳ್ಳೋಕೆ ಅದೇ ಚೆಂದ. ಲೋಕಲ್‌ವರ್ಷನ್‌ನಲ್ಲಿ ಒಂದು ಹೆಸರೂ ಕೊಡಿ, ಇಲ್ಲಾಂದ್ರೆ ಹೊಸ ಬಿಲ್ಡಿನ ಮಾಡ್ಯೂಲು ಹಳೇ ಬಿಲ್ಡಿನ ಮಾಡ್ಯೂಲಿನ ಮೇಲೇ ಹೋಗಿ ಕೂತ್ಕೊಳ್ಳುತ್ತೆ.

ಇಷ್ಟೆಲ್ಲ ಮಾಡಿದ್ರೆ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತಾ?

ಇಲ್ಲ. ಬೇಡದ ಮಾಡ್ಯೂಲ್‌ಗಳು ಡಿಸ್ಕ್‌ನಲ್ಲಿ ಸುಮ್ನೆ ಮಲಗಿರ್ತವೆ, ಲೋಡ್ ಆಗದೇ ಇದ್ರೆ ರ‍್ಯಾಮೂ ತಿನ್ನಲ್ಲ ಸ್ಪೀಡೂ ತಿನ್ನಲ್ಲ. ನಿಮಗೆ ಉಳಿಯೋದು ಬಿಲ್ಡ್ ಟೈಮು. ಬ್ರೌಸರ್‌ನಲ್ಲಿ 40 ಟ್ಯಾಬ್ ತೆಗೆದಿಟ್ಟು ಕರ್ನಲ್ ಮೇಲೆ ಗೂಬೆ ಕೂರ್ಸೋದು ನ್ಯಾಯ ಅಲ್ಲ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಥರದ ಬೇರೆ ಓಎಸ್‌ಗಳಲ್ಲಿ ಹೇಗೆ?

ಅಲ್ಲಿ ಜೆನೆರಿಕ್ ಅನ್ನೋ ಫೈಲೇ ಶುರುವಾತು. ಫ್ರೀಬಿಎಸ್‌ಡಿಲಿ ಅದನ್ನ ಪೂರ್ತಿ ಕಾಪಿ ಮಾಡೋ ಬದಲು ಹೊಸ ಫೈಲ್‌ನಲ್ಲಿ ಇನ್‌ಕ್ಲೂಡ್ ಜೆನೆರಿಕ್ ಅಂತ ಒಂದು ಸಾಲು, ಐಡೆಂಟ್‌ಗೆ ನಿಮ್ಮ ಹೆಸರು, ಆಮೇಲೆ ಬೇಡದ್ದಕ್ಕೆ ನೋಡಿವೈಸ್, ನೋಆಪ್ಷನ್ಸ್ ಅಂತ ಬರೀತಾ ಹೋದ್ರೆ ಸಾಕು, ಮುಂದಿನ ವರ್ಷನ್‌ಗೆ ಹೋದಾಗ ಹೊಸದು ತಾನಾಗೇ ಬರುತ್ತೆ. ಲಿನಕ್ಸ್‌ನಲ್ಲೂ ಹಿಂಗಿದ್ದಿದ್ರೆ ಅಂತ ನನಗೆ ಎಷ್ಟೋ ಸಲ ಅನ್ಸಿದೆ. ಓಪನ್‌ಬಿಎಸ್‌ಡಿಯವರು ಜೆನೆರಿಕ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ, ಕಸ್ಟಮ್ ಕರ್ನಲ್‌ನಲ್ಲಿ ಬಂದ ಬಗ್ ತಗೊಂಡು ಅವರ ಹತ್ರ ಹೋದ್ರೆ ಮೊದಲು ಜೆನೆರಿಕ್‌ನಲ್ಲಿ ತೋರ್ಸಿ ಅಂತಾರೆ.

ಹೊಸ ಕರ್ನಲ್‌ನಲ್ಲಿ ಪೆನ್‌ಡ್ರೈವ್‌ನ ಕನ್ನಡ ಫೈಲ್ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿದೆ, ಇದೂ ಕಾನ್ಫಿಗ್ಗಾ?

ಇದೂ ಕಾನ್ಫಿಗ್ಗೇ. ಪೆನ್‌ಡ್ರೈವ್‌ನಲ್ಲಿರೋ ಫ್ಯಾಟ್ ಫೈಲ್‌ಸಿಸ್ಟಂಗೆ ಡೀಫಾಲ್ಟ್ ಐಓಚಾರ್‌ಸೆಟ್ ಅಂತ ಒಂದು ಆಪ್ಷನ್ ಇದೆ, ನೀವು ಏನೂ ಮುಟ್ಟದಿದ್ರೆ ಅದು ಐಎಸ್‌ಓ 8859-1, ಅಂದ್ರೆ ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ. ಅಜ್ಜಿ ಹಾಡು ಅಂತ ಹೆಸರಿಟ್ಟ ಫೈಲ್ ಅದರ ಕಣ್ಣಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್‌ನಿಂದ ಓಪನ್ ಮಾಡಿದ್ರೆ ಅದು ಮೌಂಟ್ ಮಾಡುವಾಗ್ಲೇ ಯುಟಿಎಫ್8 ಕೊಟ್ಟಿರುತ್ತೆ, ಗೊತ್ತಾಗಲ್ಲ, ಟರ್ಮಿನಲ್‌ನಲ್ಲಿ ಕೈಯಾರೆ ಮೌಂಟ್ ಮಾಡಿದಾಗ ಬಣ್ಣ ಬಯಲಾಗುತ್ತೆ. ಮೌಂಟ್‌ಗೆ ಹೈಫನ್ ಓ ಯುಟಿಎಫ್8 ಕೊಡಿ, ಅಥವಾ ಕಾನ್ಫಿಗ್‌ನಲ್ಲಿ ಫ್ಯಾಟ್_ಡೀಫಾಲ್ಟ್_ಯುಟಿಎಫ್8 ಆನ್ ಮಾಡಿ. ಕೋಡ್‌ಪೇಜ್ 437 ಕೂಡ ಉಳಿಸ್ಕೊಳ್ಳಿ, ಅದಿಲ್ಲ ಅಂದ್ರೆ ಫ್ಯಾಟ್ ಮೌಂಟೇ ಆಗಲ್ಲ, ಲೋಕಲ್‌ಮಾಡ್‌ಕಾನ್ಫಿಗ್ ಮಾಡೋರು ಇದನ್ನ ಕಳ್ಕೊಳ್ಳೋದು ನೋಡಿದೀನಿ.

ಕಂಟ್ರೋಲ್ ಆಲ್ಟ್ ಎಫ್3 ಒತ್ತಿದಾಗ ಬರೋ ಕಪ್ಪು ಕನ್ಸೋಲ್‌ನಲ್ಲಿ ಆಮೇಲೂ ಕನ್ನಡ ಕಾಣಲ್ಲ. ಅದರ ಫಾಂಟ್‌ನಲ್ಲಿ 512 ಚಿತ್ರಕ್ಕಷ್ಟೇ ಜಾಗ, ಒತ್ತಕ್ಷರ ಜೋಡಿಸೋದಂತೂ ಅದಕ್ಕೆ ಗೊತ್ತೇ ಇಲ್ಲ, ಯಾವ ಕಾನ್ಫಿಗ್ ಹಾಕಿದ್ರೂ ಅಷ್ಟೇ.